ಬಡಿದ ರೊಟ್ಟಿಯ ಕರಾರು

ಶರಣಬಸಮ್ಮ ಮನೆಮಂದಿಗೆ ರೊಟ್ಟಿ ಎಣಿಸಿ ಕೊಟ್ಟವಳಲ್ಲ. ತೆಲುಗರ ರಾಜಧಾನಿಯ ಅಂಚಿನ ಕುಷಾಯಿಗೂಡದಲ್ಲಿ ಆಕೆಯ ಮನೆಗೂ ನಮ್ಮ ಮನೆಗೂ ನಡುವೆ ಎದೆಮಟ್ಟದ ಒಂದು ಗೋಡೆ. ಪ್ರತಿ ಸೋಮವಾರ ಆ ಗೋಡೆಯ ಮೇಲಿಂದ ಬಿಳಿ ಅರಿವೆಯಲ್ಲಿ ಸುತ್ತಿದ ಜೋಳದ ರೊಟ್ಟಿ ಬರುತ್ತಿತ್ತು. ಒಂದು ವಾರ ಐದು, ಇನ್ನೊಂದು ವಾರ ಹನ್ನೊಂದು. ನನ್ನ ಹೆಂಡತಿ ಭವಾನಿ ಒಮ್ಮೆ "ಎಷ್ಟು ಕಳಿಸೀರಿ?" ಎಂದು ಕೇಳಿ ಚೆನ್ನಾಗಿ ಬೈಸಿಕೊಂಡಳು.

"ಮನಿಮಂದಿಗೆ ಎಣಿಸಿ ಕೊಡ್ತಾರೇನ್ರಿ ವೈನಿ? ಕೈಗೆ ಬಂದಷ್ಟು ಕೊಡೂದು. ಎಣಿಸೂದು ಪರರಿಗೆ."

ಆಕೆ ಸುರಪುರದ ಕಡೆಯವಳು. ಗಂಡ ಅಮರಯ್ಯ ಇಲ್ಲಿನ ದೊಡ್ಡ ಎಲೆಕ್ಟ್ರಾನಿಕ್ಸ್ ಕಾರ್ಖಾನೆಯಲ್ಲಿ ಹೆಲ್ಪರ್ ಆಗಿದ್ದ. ನಾನು ಅದೇ ಕಾರ್ಖಾನೆಯ ತಪಾಸಣೆ ವಿಭಾಗದಲ್ಲಿದ್ದೆ. ಹೊರಗಿನಿಂದ ಬರುವ ಬಿಡಿಭಾಗಗಳನ್ನು ಅಳೆದು, ಸರಿಯಿದ್ದರೆ ಒಳಗೆ, ಇಲ್ಲದಿದ್ದರೆ ವಾಪಸ್ಸು ಕಳಿಸುವುದು ಇಪ್ಪತ್ತಾರು ವರ್ಷದ ನನ್ನ ಕೆಲಸ. ಆ ಕೆಲಸದ ಬಗ್ಗೆ ನನಗೆ ಜಂಬವಿತ್ತು. ಅದನ್ನು ಈಗಲೇ ಹೇಳಿಬಿಡುತ್ತೇನೆ, ಮುಂದೆ ಬೇಕಾಗುತ್ತದೆ.

ಅಮರಯ್ಯ ತೀರಿಕೊಂಡ ಮೇಲೆ ಶರಣಬಸಮ್ಮ ಹಿತ್ತಲಲ್ಲಿ ತಗಡಿನ ಚಪ್ಪರ ಹಾಕಿಸಿ ರೊಟ್ಟಿ ಮಾರಲು ನಿಂತಳು. ಮಾಧಾಪುರದ ಕಡೆ ಗಾಜಿನ ಕಟ್ಟಡಗಳು ಏಳುತ್ತಿದ್ದ ಕಾಲವದು. ಅವುಗಳಿಗೆ ಇಟ್ಟಿಗೆ ಹೊರುವವರು ನಮ್ಮ ಯಾದಗಿರಿ, ಕಲಬುರಗಿ ಕಡೆಯ ಜನ. ಹೊತ್ತು ಹೊತ್ತು ಸೊಂಟ ಹೋದ ಐವರು ಹೆಂಗಸರನ್ನು ಆಕೆ ಹುಡುಕಿ ತಂದು ಹಂಚಿನ ಮುಂದೆ ಕೂಡಿಸಿದಳು. ಅವರಲ್ಲಿ ಗದಿಗೆಮ್ಮ ಕಟ್ಟಡಕ್ಕೆ ಕಟ್ಟಿದ ಸಾರವೆಯ ಗಳುಗಳ ಮೇಲಿಂದ ಬಿದ್ದು ಬದುಕಿದವಳು. ಮೆಟ್ಟಿಲು ಕಂಡರೆ ಅವಳ ಕಾಲು ನಡುಗುತ್ತಿತ್ತು. "ಇನ್ನ ನೀ ಮ್ಯಾಲೆ ಹತ್ತೂದು ಬ್ಯಾಡ, ನಾ ಇರೂತನಕ ಇಲ್ಲೇ ಇರು" ಎಂದು ಶರಣಬಸಮ್ಮ ಅವಳಿಗೆ ಮಾತು ಕೊಟ್ಟಿದ್ದಳು.

ಆ ಮಾತು ಉಳಿಸಲು ದೊಡ್ಡ ಗಿರಾಕಿ ಬೇಕಿತ್ತು. ತಂದುಕೊಟ್ಟವನು ಚೇತನಕುಮಾರ, ಆಕೆಯ ಅಕ್ಕನ ಮಗ. ತಾರ್ನಾಕದಲ್ಲಿ ಓದುವಾಗ ನಾಲ್ಕು ವರ್ಷ ಇದೇ ಮನೆಯಲ್ಲಿ ಉಂಡವನು. ಈಗ ಸಾಫ್ಟ್‌ವೇರ್ ಕಂಪನಿಗಳಿಗೆ ಕ್ಯಾಂಟೀನ್ ನಡೆಸುವ ಒಂದು ಸಂಸ್ಥೆಯಲ್ಲಿ ಖರೀದಿ ನೋಡಿಕೊಳ್ಳುತ್ತಿದ್ದ. ಆರು ತಿಂಗಳು ದಿನಕ್ಕೆ ಎಂಟುನೂರು ರೊಟ್ಟಿ ಬರೀ ಬಾಯಿಮಾತಿನ ಮೇಲೆ ಹೋದವು. ಒಂದು ದಿನ ಯಾರೋ ರೊಟ್ಟಿ ಬಿರುಸಾಗಿದೆ ಎಂದು ತಟ್ಟೆ ದೂಡಿದರಂತೆ. ಮ್ಯಾನೇಜರ್ ಕೂಗಾಡಿದನಂತೆ.

"ಚಿಗವ್ವ, ಇನ್ನ ಬರೆದು ಇಟ್ಟುಬಿಡೂಣು," ಎಂದ ಚೇತನ. "ಛಲೋ ರೊಟ್ಟಿ ಅಂದ್ರ ಎಂಥಾದ್ದು ಅಂತ ಕಾಗದದಾಗ ಇರಲಿ. ನಾಳೆ ಯಾರೂ ತಕರಾರು ಮಾಡಬಾರದು."

ಇಂಥದ್ದಕ್ಕೆ ನನಗಿಂತ ಯೋಗ್ಯರು ಯಾರು? ಕರೆಯುವ ಮೊದಲೇ ಗೋಡೆ ಸುತ್ತಿ ಹೋದೆ. ಕಾರ್ಖಾನೆಯ ಅಳತೆಗೋಲು, ಭವಾನಿಯ ಅಡುಗೆಮನೆಯ ತಕ್ಕಡಿ ಎರಡೂ ನನ್ನ ಚೀಲದಲ್ಲಿದ್ದವು. ಶರಣಬಸಮ್ಮ ರೊಟ್ಟಿ ಬಡಿದು ಹಂಚಿಗೆ ಹಾಕುವುದು, ನಾನು ತೆಗೆದು ತೂಗುವುದು. ಹೆಂಗಸರೆಲ್ಲ ಸೆರಗು ಬಾಯಿಗಿಟ್ಟುಕೊಂಡು ನಗುತ್ತಿದ್ದರು.

"ರಾಯರು ರೊಟ್ಟಿಗೆ ಅಂಗಿ ಹೊಲಿಸಾಕತ್ತಾರ ನೋಡ್ರೆ!" ಎಂದಳು ಗದಿಗೆಮ್ಮ.

ಬಡಿದದ್ದು ಕೈಯಾದರೂ ಇಪ್ಪತ್ತು ರೊಟ್ಟಿಯಲ್ಲಿ ಒಂದಕ್ಕೊಂದು ಕೂದಲೆಳೆಯಷ್ಟೇ ವ್ಯತ್ಯಾಸ. ನಾನು ಬೆರಗಾದೆ. ಇಷ್ಟು ಅಗಲ, ಇಷ್ಟು ತೂಕ, ನಾಲ್ಕು ತಾಸಾದರೂ ಮಡಚಿದರೆ ಮುರಿಯಬಾರದು, ಕರಿ ಚುಕ್ಕೆ ಎಂಟಾಣೆ ಬಿಲ್ಲೆಗಿಂತ ದೊಡ್ಡದಿರಬಾರದು ಎಂದು ಒಂದೊಂದಾಗಿ ಇಂಗ್ಲಿಷಿನಲ್ಲಿ ಬರೆದೆ. ಚೇತನ ಪಕ್ಕದಲ್ಲಿ ಕೂತು ತನ್ನ ಡೈರಿಯಲ್ಲಿ ಬೇರೆಯದೇ ಬರೆದುಕೊಳ್ಳುತ್ತಿದ್ದ. ನಾಲ್ಕು ತಾಸು ಮೆತ್ತಗೆ ಹೇಗಿರುತ್ತದೆ, ಕುದಿಯುವ ನೀರು ಎಷ್ಟು, ಯಾವ ಜೋಳಕ್ಕೆ ಜಿಗಿ ಹೆಚ್ಚು ಎಂದೆಲ್ಲ ಕೇಳಿದ. ಮನೆಯ ಕೂಸು ಕೇಳುತ್ತದೆ ಎಂದು ಆಕೆ ಎಲ್ಲವನ್ನೂ ಹೇಳಿದಳು.

ಕೊನೆಗೆ ಕೈ ಒರೆಸಿಕೊಳ್ಳುತ್ತ ಶರಣಬಸಮ್ಮ ಅಂದಳು, "ರಾಯರ, ಇನ್ನೊಂದು ಬರೀರಿ. ಕೈಲೆ ಬಡಿದ ರೊಟ್ಟಿನ ಆಗಿರಬೇಕು ಅಂತ."

ನಾನು ನಕ್ಕೆ. ಆ ನಗು ನೆನೆದರೆ ಈಗ ನನ್ನ ಮೇಲೇ ಸಿಟ್ಟು ಬರುತ್ತದೆ.

"ಅದನ್ನ ಬರಿಯಂಗಿಲ್ರಿ. ಏನು ಬೇಕು ಅನ್ನೂದಷ್ಟ ಕರಾರಿನಾಗ ಇರಬೇಕು, ಹೆಂಗ ಮಾಡಿದ್ರಿ ಅನ್ನೂದಲ್ಲ. ನಾವು ಫ್ಯಾಕ್ಟರಿಯಾಗ ಸ್ಕ್ರೂ ತೊಗೊಂಡ್ರ ಅದರ ಉದ್ದ ದಪ್ಪ ನೋಡ್ತೀವಿ. ಮಾಡಿದವ್ರ ಮಾರಿ ನೋಡ್ತೀವೇನು?"

"ಖರೆ ಐತಿ ಚಿಗವ್ವ, ಅದು ಬ್ಯಾಡ," ಎಂದ ಚೇತನ, ಸ್ವಲ್ಪ ಬೇಗನೇ ಎಂದ.

ಓದಿದವರಿಬ್ಬರೂ ಹೇಳಿದ ಮೇಲೆ ಆಕೆ ಸಹಿ ಹಾಕಿದಳು. ಕರಾರು ಒಂದು ವರ್ಷದ್ದು. ಆ ವರ್ಷ ಒಂದು ರೊಟ್ಟಿಯೂ ವಾಪಸ್ಸು ಬರಲಿಲ್ಲ. ನಾನು ಸಿಕ್ಕಸಿಕ್ಕವರಿಗೆಲ್ಲ ನನ್ನ ಕಾಗದದ ಗುಣಗಾನ ಮಾಡಿಕೊಂಡು ತಿರುಗಿದೆ. ಈ ನಡುವೆ ಚೇತನ ನೌಕರಿ ಬಿಟ್ಟು, ಬೇಗಂ ಬಜಾರಿನ ಒಬ್ಬ ವ್ಯಾಪಾರಿಯ ಜೊತೆ ಏನೋ ಸ್ವಂತ ದಂಧೆ ಮಾಡುತ್ತಾನೆ ಎಂದು ಸುದ್ದಿ ಬಂತು. ಶರಣಬಸಮ್ಮ ಅವನ ಹೆಸರಲ್ಲಿ ಗುಡಿಯಲ್ಲಿ ಕಾಯಿ ಒಡೆಸಿದಳು.

ವರ್ಷ ತುಂಬಿದ ಮರುದಿನ ರೊಟ್ಟಿ ಒಯ್ಯುವ ಗಾಡಿ ಬರಲಿಲ್ಲ. ಅದರ ಮರುದಿನವೂ ಇಲ್ಲ. ಮೂರನೆಯ ದಿನ ಆಕೆ ಕರಾರಿನ ಕಾಗದವನ್ನು ಪ್ಲಾಸ್ಟಿಕ್ ಚೀಲದಲ್ಲಿಟ್ಟುಕೊಂಡು, ನನ್ನನ್ನೂ ಕರೆದುಕೊಂಡು ಮಾಧಾಪುರದ ಕ್ಯಾಂಟೀನ್ ಆಫೀಸಿಗೆ ಹೊರಟಳು.

ಮ್ಯಾನೇಜರ್ ಮರ್ಯಾದಸ್ಥ. ಕುರ್ಚಿ ಕೊಟ್ಟು, ಹಿಂದಿಯಲ್ಲಿ ಸಮಾಧಾನವಾಗಿ ಹೇಳಿದ: ಹೊಸ ವರ್ಷಕ್ಕೆ ಬೇರೆಯವರ ಜೊತೆ ಕರಾರಾಗಿದೆ, ಅವರದು ಮಷೀನಿನ ರೊಟ್ಟಿ, ಎರಡು ಸಾವಿರ ಬೇಕಾದರೂ ಕೊಡುತ್ತಾರೆ. ರೊಟ್ಟಿ ಯಾರೇ ಕೊಡಲಿ, ಸಂಸ್ಥೆಗೆ ಈಗ ಇದೇ ನಿಯಮ ಎಂದು ಮೇಜಿನ ಮೇಲೆ ಕಾಗದವೊಂದನ್ನು ಸರಿಸಿದ. ನಾನು ಬರೆದ ಪುಟವೇ ಅದು. ಒಂದು ಅಕ್ಷರ ಬದಲಾಗಿರಲಿಲ್ಲ. ಕೆಳಗೆ ಚೇತನಕುಮಾರನ ಸಹಿ ಇತ್ತು.

ಅಷ್ಟರಲ್ಲಿ ಅವನೇ ಒಳಗೆ ಬಂದ. ನಮ್ಮನ್ನು ನೋಡಿ ಬಾಗಿಲಲ್ಲೇ ನಿಂತ. ಮ್ಯಾನೇಜರ್ ರೊಟ್ಟಿ ತರಿಸಿ ನನ್ನ ಮುಂದಿಟ್ಟು, ಬೇಕಾದರೆ ಅಳೆದು ನೋಡಿ ಎಂದ. ಬೆರಳಿನಿಂದಲೇ ಅಳೆದೆ. ಅಗಲ ಸರಿಯಿತ್ತು, ದಪ್ಪ ಸರಿಯಿತ್ತು, ಮಡಚಿದರೆ ಮುರಿಯಲಿಲ್ಲ. ನಮ್ಮ ಕಾರ್ಖಾನೆಯಲ್ಲಾಗಿದ್ದರೆ ಠಸ್ಸೆ ಒತ್ತಿ ಒಳಗೆ ಕಳಿಸುತ್ತಿದ್ದೆ.

ಶರಣಬಸಮ್ಮ ಒಂದು ಚೂರು ಮುರಿದು ಬಾಯಿಗೆ ಹಾಕಿಕೊಂಡಳು. ಅಗಿದಳು. ಆಮೇಲೆ ಬಾಗಿಲ ಕಡೆ ತಿರುಗಿದಳು.

"ಚೇತನ, ನಿನ್ನ ಮನ್ಯಾಗ ನೀ ಇದನ್ನ ಉಣ್ತೀಯೇನಪಾ?"

"ಕಾಗದದಾಗ ಏನೈತಿ ಅದನ್ನ ಕೊಡಾಕತ್ತೀನಿ ಚಿಗವ್ವ," ಎಂದ ಅವನು ನೆಲ ನೋಡುತ್ತ.

ಆಕೆ ಪ್ಲಾಸ್ಟಿಕ್ ಚೀಲ ಎತ್ತಿಕೊಂಡು ಎದ್ದಳು. ಬಸ್ಸಿನಲ್ಲಿ ನಾನು ಅವನನ್ನು ಬಾಯಿಗೆ ಬಂದಂತೆ ಬೈಯುತ್ತಲೇ ಇದ್ದೆ. ಉಂಡ ಮನೆಗೆ ಎರಡು ಬಗೆದ, ಕೊರಳು ಕೊಯ್ದ ಎಂದೆಲ್ಲ ಅಂದೆ. ತಾರ್ನಾಕ ಬಂದಾಗ ಆಕೆ ಕಿಟಕಿಯಾಚೆ ಕೈ ತೋರಿಸಿದಳು.

"ಪರೀಕ್ಷಿ ಇದ್ದಾಗ ಬುತ್ತಿ ತಂದು ಅಲ್ಲೇ ಗಿಡದ ಕೆಳಗ ನಿಲ್ತಿದ್ದೆ. ಆರಿದ್ರ ಉಣ್ತಿದ್ದಿಲ್ಲ ಅವ." ಕಣ್ಣೊರೆಸಿಕೊಂಡಳು. ನನ್ನ ಕಡೆ ನೋಡದೇ ಅಂದಳು, "ಅವ ಸಣ್ಣಾವ, ಆಸೆಕ್ಕ ಬಿದ್ದ. ನೀವು ತಿಳಿದವ್ರು ರಾಯರ. ಬರೀರಿ ಅಂತ ನಾ ಅಂದಿದ್ನಲ್ಲ."

ಅವನು ದುರಾಸೆಯಿಂದ ಮಾಡಿದ್ದಕ್ಕೆ ನಾನು ಜಂಬದಿಂದ ದಾರಿ ಮಾಡಿಕೊಟ್ಟಿದ್ದೆ. ಕೈಯಿಂದ ಬಡಿದದ್ದು ಎಂಬ ಒಂದು ಸಾಲು ಆ ಪುಟದಲ್ಲಿದ್ದಿದ್ದರೆ ಅವನ ಮಷೀನು ಆ ಬಾಗಿಲು ದಾಟುತ್ತಿರಲಿಲ್ಲ.

ತಿಂಗಳೊಳಗೆ ಚಪ್ಪರದ ಹಂಚುಗಳು ತಣ್ಣಗಾದವು. ನಾಲ್ವರು ಹೆಂಗಸರು ಎಲ್ಲೆಲ್ಲೋ ಮನೆಗೆಲಸ ಹಿಡಿದರು. ಗದಿಗೆಮ್ಮನಿಗೆ ಸಿಕ್ಕಿದ್ದು ಮತ್ತೆ ಇಟ್ಟಿಗೆ ಹೊರುವ ಕೆಲಸವೇ, ಐದನೆಯ ಅಂತಸ್ತಿಗೆ. ಅವಳು ಹೊರಟ ಬೆಳಿಗ್ಗೆ ಶರಣಬಸಮ್ಮ ಬಾಗಿಲು ತೆರೆಯಲಿಲ್ಲ.

ಮುಂದಿನ ಸೋಮವಾರ ಗೋಡೆಯ ಮೇಲಿಂದ ಏನೂ ಬರಲಿಲ್ಲ. ಮಧ್ಯಾಹ್ನ ಆಕೆಯ ಮಗಳು ಭಾಗ್ಯಶ್ರೀ ಮುಂಬಾಗಿಲಿಗೆ ಬಂದು, ಬಿಳಿ ಅರಿವೆಯ ಗಂಟನ್ನು ನನ್ನ ಕೈಗಿಟ್ಟಳು.

"ನಾಕು ಅದಾವ್ರಿ ಕಾಕಾ," ಎಂದಳು, ತಲೆ ತಗ್ಗಿಸಿ. "ಎಣಿಸಿಕೋಬೇಕಂತ. ಅವ್ವ ಹೇಳ್ಯಾಳ."

ಅವಳ ಮುಂದೆಯೇ ಗಂಟು ಬಿಚ್ಚಿ ಎಣಿಸಿದೆ. ನಾಲ್ಕಿದ್ದವು.