ಮರ್ಡೋ ಕೈ ಎತ್ತಲಿಲ್ಲ

ನನ್ನ ಗಂಡ ಮರ್ಡೋನ ಕೆಂಪು ಕಾರಿನಲ್ಲಿ ಇಬ್ಬರು ಕೂರಬಹುದು, ಅದೂ ಇಬ್ಬರೂ ಸಣ್ಣಗಿದ್ದರೆ. ನಮ್ಮ ಮದುವೆಯಾದ ವರ್ಷ ಅದನ್ನು ಕೊಂಡ. ಆಗಲೇ ಅದು ಹಳೆಯದು. ಬಟ್ಟೆಯ ಮಾಡು, ನೆಲಕ್ಕೇ ತಾಗುವಂಥ ಸೀಟು. ಮಳೆ ಬಂದರೆ ನೀರು ಸರಿಯಾಗಿ ನನ್ನ ಎಡ ಮೊಣಕಾಲಿನ ಮೇಲೇ ಬೀಳುತ್ತದೆ, ಅವನ ಕಡೆ ಒಂದು ಹನಿಯೂ ಇಲ್ಲ. ಪ್ರತಿ ಜೂನ್ ತಿಂಗಳಲ್ಲಿ ಒಂದು ವಾರ ನಮ್ಮೂರು ಡಿಂಗ್ವಾಲ್‌ನಿಂದ ಪಶ್ಚಿಮದ ಕರಾವಳಿಗೆ ನಾವು ಇದರಲ್ಲೇ ಹೋಗುವುದು. ನನ್ನ ತಂಗಿಯರು ಸ್ಪೇನಿಗೆ ಹೋಗಿ ಬಿಸಿಲು ಕಾಯಿಸಿಕೊಂಡು ಬರುತ್ತಾರೆ. ನಾನು ಚಹಾದ ಫ್ಲಾಸ್ಕನ್ನು ತೊಡೆಯ ಮೇಲಿಟ್ಟುಕೊಂಡು, ದಾರಿಯಲ್ಲಿ ಕಾರು ಕೆಟ್ಟರೆ ಇರಲೆಂದು ಕೈಚೀಲದಲ್ಲಿ ರೇಡಿಯೇಟರಿನ ಪೈಪು ತುರುಕಿಕೊಂಡು ಮಂಜಿನಲ್ಲಿ ಬೆಟ್ಟ ಹತ್ತುತ್ತೇನೆ. ಇದಕ್ಕೆ ರಜೆ ಅಂತ ಹೆಸರು.

ಮರ್ಡೋ ದುಡಿದದ್ದು ರಸ್ತೆ ಇಲಾಖೆಯಲ್ಲಿ. ಬಿಳಿ ಗೆರೆ ಎಳೆಯುವುದು, ಫಲಕ ನೆಡುವುದು. ನಮ್ಮ ಕಡೆ ಬೆಟ್ಟದ ರಸ್ತೆಗಳು ಒಂದೇ ಗಾಡಿಯ ಅಗಲ. ಅಲ್ಲಲ್ಲಿ ಪಕ್ಕಕ್ಕೆ ಸರಿದು ನಿಲ್ಲಲು ಒಂದಿಷ್ಟು ಜಾಗ, ಅದಕ್ಕೊಂದು ಬಿಳಿ ಫಲಕ. ಎದುರಿನವರು ಅಲ್ಲಿ ನಿಂತು ದಾರಿ ಬಿಟ್ಟರೆ ಹಾದುಹೋಗುವವರು ಉಪಕಾರವಾಯಿತು ಎನ್ನುವ ಹಾಗೆ ಸ್ಟಿಯರಿಂಗಿನಿಂದ ಕೈ ಎತ್ತಬೇಕು. ಮರ್ಡೋಗೆ ಇದು ದೇವರ ಹನ್ನೊಂದನೇ ಆಜ್ಞೆ. ಕೈ ಎತ್ತದ ಪ್ರವಾಸಿಗಳನ್ನು ಕಂಡರೆ ಉರಿದುಬೀಳುತ್ತಿದ್ದ. "ಎತ್ತಿದ್ರೆ ಸವೆದ್ಹೋಗುತ್ತಾ ಇವನ ಕೈ?" ಒಮ್ಮೆ ನಮ್ಮ ಚರ್ಚಿನ ಪಾದ್ರಿಯೇ ಕೈ ಎತ್ತದೆ ಹೋದರೆಂದು ಎಷ್ಟೋ ಭಾನುವಾರ ಆರಾಧನೆಯ ಕಡೆ ತಲೆ ಹಾಕಲಿಲ್ಲ. ಕೊನೆಗೆ ಪಾದ್ರಿಯೇ ಮನೆಗೆ ಬಂದು, "ಆಗ ಸೀನು ಬಂದಿತ್ತಪ್ಪಾ," ಎಂದು ಸಮಜಾಯಿಷಿ ಕೊಡಬೇಕಾಯಿತು.

ಈ ವರ್ಷ ಚಳಿಗಾಲ ಮುಗಿಯುವಷ್ಟರಲ್ಲಿ ಕೆಲವು ಸಂಗತಿಗಳು ನನ್ನ ಗಮನಕ್ಕೆ ಬಂದಿದ್ದವು. ಮರ್ಡೋ ಚಹಾ ಸುರಿದರೆ ಬಟ್ಟಲಿನ ಪಕ್ಕಕ್ಕೆ ಬೀಳುತ್ತಿತ್ತು. ಪತ್ರಿಕೆ ಓದುವುದನ್ನು ಬಿಟ್ಟ. "ಅದ್ರಲ್ಲೇನಿದೆ ಮಣ್ಣು" ಎಂದ. ಕಣ್ಣು ತೋರಿಸಿಕೊಂಡು ಬಾ ಎಂದರೆ, "ತೋರಿಸ್ಕೊಂಡು ಬಂದೆ, ಹದ್ದಿನ ಕಣ್ಣಂತೆ" ಎಂದ. ನಾನು ನಂಬಿದೆ. ನಂಬದಿದ್ದರೆ ಜಗಳವಾಡಬೇಕಿತ್ತು.

ಹೊರಟ ಬೆಳಿಗ್ಗೆ ಒಂದು ಆಶ್ಚರ್ಯ ನಡೆಯಿತು. ಇಷ್ಟು ವರ್ಷ ಆ ಕಾರಿನಲ್ಲಿ ನಾನು ಬಾಯಿ ತೆರೆದರೆ "ಶ್, ಎಂಜಿನ್ ಸದ್ದು ಕೇಳಿಸ್ಕೊಳ್ತಿದೀನಿ" ಎನ್ನುತ್ತಿದ್ದ ಮನುಷ್ಯ, "ಏನಾದ್ರೂ ಮಾತಾಡೇ ಇಶ್ಬೆಲ್" ಎಂದ.

"ಏನ್ ಮಾತಾಡ್ಲಿ?"

"ದಾರೀಲಿ ಏನ್ ಕಾಣುತ್ತೋ ಅದನ್ನೇ ಹೇಳು. ನಿನ್ ದನಿ ಕೇಳ್ತಾ ಇದ್ರೆ ಚೆನ್ನಾಗಿರುತ್ತೆ."

ನನಗೆಷ್ಟು ಖುಷಿಯಾಯಿತೆಂದು ಹೇಳಿಕೊಳ್ಳಲು ನಾಚಿಕೆಯಾಗುತ್ತದೆ. ಈ ವಯಸ್ಸಿಗಾದರೂ ಗಂಡನಿಗೆ ನನ್ನ ದನಿ ಬೇಕಾಯಿತಲ್ಲ! ಹೊಸ ಮದುವಣಗಿತ್ತಿಯ ಹಾಗೆ ಒಂದೇ ಸಮನೆ ಹೇಳುತ್ತಾ ಹೋದೆ. ಎಡಕ್ಕೆ ತಿರುವು. ಕುರಿ ಮಲಗಿದೆ. ಮುಂದೆ ಸೇತುವೆ. ಬಿಳಿ ಕಾರೊಂದು ದಾರಿ ಬಿಟ್ಟು ನಿಂತಿದೆ. ಅವನು "ಹೂಂ, ಆಮೇಲೆ?" ಎನ್ನುತ್ತಿದ್ದ, ಕೈ ಎತ್ತುತ್ತಿದ್ದ. ಮಧ್ಯಾಹ್ನ ಸರೋವರದ ದಂಡೆಯಲ್ಲಿ ಮೊಟ್ಟೆಯ ಸ್ಯಾಂಡ್‌ವಿಚ್ ತಿನ್ನುವಾಗ ಅವನ ಕೆನ್ನೆಗೊಂದು ಮುತ್ತೂ ಕೊಟ್ಟೆ.

ಅಲ್ಲಿಂದ ಮುಂದೆ ಬೆಟ್ಟ. ಬೆಟ್ಟದ ಆಚೆ, ಕಡಲ ಪಕ್ಕದಲ್ಲಿ ಡೊಲೀನಾಳ ವಸತಿಗೃಹ. ಪ್ರತಿ ವರ್ಷ ನಾವು ಉಳಿಯುವುದು ಅಲ್ಲೇ. ಮೊದಲ ಏರಿನಲ್ಲೇ ಎದುರಿಗೆ ಅವಳೇ ಬಂದಳು, ಪೇಟೆಗೆ ಹೊರಟಿದ್ದಳೇನೋ. ನಮ್ಮ ಕಾರನ್ನು ಗುರುತಿಸಿ ಪಕ್ಕಕ್ಕೆ ನಿಂತು, ದೀಪ ಮಿನುಗಿಸಿ, ಕಿಟಕಿಯಿಂದ ಅರ್ಧ ಮೈ ಹೊರಗೆ ಹಾಕಿ ಎರಡೂ ಕೈ ಬೀಸಿದಳು. ನಾನು ಫ್ಲಾಸ್ಕಿನ ಮುಚ್ಚಳ ಹಾಕುತ್ತಿದ್ದೆ, ಹೇಳುವುದಕ್ಕಾಗಲಿಲ್ಲ. ಮರ್ಡೋ ನೇರ ನೋಡುತ್ತಾ ಅವಳ ಪಕ್ಕದಲ್ಲೇ ಹಾದುಹೋದ. ಕೈ ಎತ್ತಲಿಲ್ಲ.

ಹಿಂತಿರುಗಿ ನೋಡಿದೆ. ಡೊಲೀನಾ ಬೀಸುತ್ತಿದ್ದ ಕೈಯನ್ನು ಮೆಲ್ಲಗೆ ಒಳಗೆ ಎಳೆದುಕೊಂಡಳು.

ಪಾದ್ರಿಯನ್ನೇ ಬಿಡದವನು ಡೊಲೀನಾಗೆ ಕೈ ಎತ್ತಲಿಲ್ಲವೆ? ಮುಂದಿನ ಬಿಳಿ ಫಲಕ ಬಂತು. ಅಲ್ಲಿ ಹುಲ್ಲು ಬಿಟ್ಟರೆ ಬೇರೇನೂ ಇರಲಿಲ್ಲ.

"ನೀಲಿ ವ್ಯಾನು ನಿಂತಿದೆ. ದಾರಿ ಬಿಟ್ಟಿದಾರೆ," ಎಂದೆ.

ಮರ್ಡೋ ವೇಗ ತಗ್ಗಿಸಿದ. ಖಾಲಿ ಹುಲ್ಲಿನ ಕಡೆ ತಿರುಗಿ, ಕೈ ಎತ್ತಿ, ನಕ್ಕ.

ಬೆಳಗಿನಿಂದ ಅವನಿಗೆ ಬೇಕಾಗಿದ್ದದ್ದು ನನ್ನ ದನಿಯಲ್ಲ, ನನ್ನ ಕಣ್ಣು. ಸಿಟ್ಟು ಬಂತು; ಸಿಟ್ಟಿಗಿಂತ ಅವಮಾನ ಹೆಚ್ಚಾಯಿತು. ಕೊಟ್ಟ ಮುತ್ತನ್ನು ವಾಪಸ್ ಪಡೆಯುವ ಹಾಗಿದ್ದರೆ ಅಲ್ಲೇ ಪಡೆಯುತ್ತಿದ್ದೆ. ಆಮೇಲೆ ಪಕ್ಕದ ಕಮರಿ ಕಾಣಿಸಿತು. ಎದುರು ಬಂದ ಗಾಡಿಗಳಲ್ಲಿ ಎಷ್ಟರಲ್ಲೋ ಮಕ್ಕಳಿದ್ದರು.

"ನಿಲ್ಸು ಮರ್ಡೋ. ಎಡಕ್ಕೆ ಜಾಗ ಇದೆ, ನಿಲ್ಸು."

ನಿಲ್ಲಿಸಿದ. "ಏನಾಯ್ತೇ?"

"ವ್ಯಾನೂ ಇಲ್ಲ ಗೀನೂ ಇಲ್ಲ. ನಾನು ಸುಳ್ಳು ಹೇಳ್ದೆ."

ಬೆಟ್ಟದ ತಲೆಯಿಂದ ಮೋಡ ಇಳಿದು ತುಂತುರು ಶುರುವಾಗಿತ್ತು.

"ರಸ್ತೆ ಅಂಚು ಕಾಣುತ್ತೆ ಕಣೆ," ಎಂದ. "ಎಲ್ಲಿ ನೋಡಿದ್ರೂ ನಡುವೆ ಮಸುಕು. ಡಾಕ್ಟ್ರು ಓಡಿಸ್ಬೇಡ ಅಂದ್ರು. ಇದೊಂದ್ಸಲ ಹೋಗ್ಬರೋಣ ಅಂತ…"

"ಕೀ ಕೊಡು."

"ನೀನು ಈ ಗಾಡಿ ಯಾವತ್ತು ಓಡ್ಸಿದೀಯ?"

"ನೀನು ಯಾವತ್ತು ಕೊಟ್ಟಿದೀಯ?"

"ಈಗ್ಲೂ ಕೊಡಲ್ಲ. ಈ ರಸ್ತೇಲಿ ಫಲಕ ನೆಟ್ಟೋನು ನಾನು. ನೀನು ದಾರಿ ಹೇಳ್ತಾ ಇರು, ನಾನು ಹೋಗ್ತಾ ಇರ್ತೀನಿ." ಗೇರ್ ಹಾಕಿದ.

ನಾನು ಕೂಗಾಡಲಿಲ್ಲ, ಕೀಗೆ ಕೈ ಹಾಕಲಿಲ್ಲ. ಬಾಯಿ ಮುಚ್ಚಿಕೊಂಡು ಕುಳಿತೆ, ಅಷ್ಟೇ.

"ಮುಂದೇನಿದೆ?"

ನಾನು ಫ್ಲಾಸ್ಕನ್ನು ಬಿಗಿಯಾಗಿ ಹಿಡಿದುಕೊಂಡೆ.

"ಇಶ್ಬೆಲ್, ಎದುರಿಗೆ ಯಾರಾದ್ರೂ ಬರ್ತಿದಾರಾ?"

ಎಂಜಿನ್ ಗುರುಗುಡುತ್ತಿತ್ತು. ನನ್ನ ಮೊಣಕಾಲಿನ ಮೇಲೆ ಹನಿ ಬೀಳುತ್ತಿತ್ತು. ಹೆಸರು ಹಿಡಿದು ಕರೆದವನಿಗೆ ಉತ್ತರ ಕೊಡದಿರುವುದು ಅಷ್ಟು ಕಷ್ಟವೆಂದು ನನಗೆ ಗೊತ್ತಿರಲಿಲ್ಲ. ಅವನು ಮೂರನೇ ಸಲ ಕೇಳಲಿಲ್ಲ. ಎಂಜಿನ್ ಆರಿಸಿದ.

"ಇವತ್ತೊಂದಿನ ನೀನು ಓಡ್ಸು," ಎಂದ. "ಮಂಜು ಇದೆ ಅಂತ ಅಷ್ಟೇ. ನಾಳೆಯಿಂದ ನಾನೇ. ಅಲ್ಲಿ ಹೋದ್ಮೇಲೆ ನನ್ ಸೊಂಟ ಹಿಡ್ಕೊಂಡಿದೆ ಅಂತ ಹೇಳ್ಬೇಕು ನೀನು."

ಬೆಟ್ಟವನ್ನು ನಾನೇ ಹತ್ತಿಸಿ ಇಳಿಸಿದೆ. ಗೇರಿನ ಹಲ್ಲು ಕಿರ್ರೆಂದಾಗಲೆಲ್ಲ ಪಕ್ಕದಲ್ಲಿ ಅವನ ನರಳಾಟ. "ಎರಡನೇದು! ಎರಡನೇದು ಹಾಕೇ, ಅದನ್ನ ಕೊಂದೇಬಿಡ್ತೀಯಾ!" ವಸತಿಗೃಹದ ಮುಂದೆ ನಿಲ್ಲಿಸಿದ ಕೂಡಲೇ ಅಂಗೈ ಚಾಚಿ ಕೀ ಇಸಿದುಕೊಂಡು ಜೇಬಿಗೆ ಹಾಕಿದ. ನಾನು ಕೊಟ್ಟುಬಿಟ್ಟೆ, ಬಾಗಿಲಲ್ಲಿ ಜಗಳ ಬೇಡವೆನಿಸಿತು. ಆದರೆ ನಾಳೆ ನಾನು ಸ್ನಾನಕ್ಕೆ ಹೋದ ಹೊತ್ತಿನಲ್ಲಿ ಒಬ್ಬನೇ ಹೊರಟರೆ ಯಾರು ತಡೆಯುತ್ತಾರೆ?

ಸಂಜೆ ಊಟದ ಕೋಣೆಯಲ್ಲಿ ಊರಿನವರು ನಾಲ್ಕಾರು ಮಂದಿ ಕುಳಿತಿದ್ದರು. ಪೇಟೆಯಿಂದ ಬಂದಿದ್ದ ಡೊಲೀನಾ ಮೀನಿನ ಸಾರಿನ ಬಟ್ಟಲನ್ನು ಮರ್ಡೋನ ಮುಂದೆ ಕುಕ್ಕಿದಳು.

"ಏನಪ್ಪಾ, ದೊಡ್ಡ ಮನುಷ್ಯ ಆಗ್ಬಿಟ್ಟಿದೀಯ! ಎರಡೂ ಕೈ ಬೀಸಿದ್ರೂ ನಿನ್ನದೊಂದು ಬೆರಳು ಅಲ್ಲಾಡಲಿಲ್ಲ. ನಾನೇನು ತಪ್ಪು ಮಾಡಿದೀನಿ ನಿಂಗೆ?"

"ಇವನಾ? ಕೈ ಎತ್ತಲಿಲ್ವಾ?" ಪಾದ್ರಿಯ ಕತೆಯನ್ನು ಮರ್ಡೋನ ಬಾಯಲ್ಲೇ ಕೇಳಿದ್ದ ಒಬ್ಬ ಜೋರಾಗಿ ನಕ್ಕ. "ಆ ಪಾದ್ರಿಗೆ ಹೇಳಿ ಕಳಿಸ್ಬೇಕು ಇದನ್ನ!"

"ಮಂಜಿತ್ತು ಡೊಲೀನಾ…" ಎಂದೆ ನಾನು.

"ಎಲ್ಲಿತ್ತೇ ಮಂಜು? ನಿನ್ ಕೈಯಲ್ಲಿದ್ದ ಫ್ಲಾಸ್ಕು ಕಾಣ್ತಿತ್ತು ನಂಗೆ." ಅವಳ ದನಿಯಲ್ಲಿ ತಮಾಷೆ ಇರಲಿಲ್ಲ, ನಿಜವಾಗಿಯೂ ನೊಂದಿದ್ದಳು.

ಮರ್ಡೋನ ಕಿವಿ ಕೆಂಪಾಯಿತು. ಚಮಚಕ್ಕಾಗಿ ಮೇಜು ತಡವುತ್ತಿದ್ದ ಕೈಯನ್ನು ನಿಲ್ಲಿಸಿದ. ಸೊಂಟದ ಕತೆ ಹೇಳುತ್ತಾನೆಂದು ಕಾದೆ.

"ನೋಡಿಯೂ ಕೈ ಎತ್ತದೆ ಹೋಗೋನಲ್ಲ ನಾನು," ಎಂದ. "ನೀನು ನಂಗೆ ಕಾಣ್ಲೇ ಇಲ್ಲ ತಾಯಿ. ಈಗ್ಲೂ ನಿನ್ ಮುಖ ಕಾಣ್ತಿಲ್ಲ."

ನಗುತ್ತಿದ್ದವನು ನಿಲ್ಲಿಸಿದ. ಡೊಲೀನಾ ನನ್ನ ಮುಖ ನೋಡಿದಳು. ನಾನು ತಲೆ ತಗ್ಗಿಸಿದೆ.

ಮರ್ಡೋ ಜೇಬಿನಿಂದ ಕೀ ತೆಗೆದು ಮೇಜಿನ ಮೇಲೆ ನನ್ನ ಕಡೆಗೆ ತಳ್ಳಿದ. ಅದು ಹೋಗಿ ಉಪ್ಪಿನ ಡಬ್ಬಿಗೆ ತಾಗಿ ನಿಂತಿತು.

"ಇನ್ಮೇಲೆ ಇವಳೇ ಓಡಿಸ್ತಾಳೆ," ಎಂದು ಕೋಣೆಗೆಲ್ಲ ಕೇಳುವ ಹಾಗೆ ಹೇಳಿದ. "ಎರಡನೇ ಗೇರ್ ಹಾಕಕ್ಕೆ ಬರಲ್ಲ ಇವಳಿಗೆ. ಎದುರಿಗೆ ಸಿಕ್ರೆ ಸ್ವಲ್ಪ ದಾರಿ ಬಿಡ್ರಪ್ಪ. ಕೈ ನಾನು ಎತ್ತುತೀನಿ."