ಸ್ಟಾರ್ಟರ್ ಡಬ್ಬಿಯ ಏಳನೆಯ ಮಾತು

ನಗುವವರು ಈಗಲೇ ನಕ್ಕುಬಿಡಿ. ನನ್ನ ಪಿಎಚ್.ಡಿ. ಗೈಡ್ ನಕ್ಕಾಗಿದೆ, ಡಬ್ಬಿ ಮಾಡಿದ ಕಂಪನಿಯವರೂ ನಕ್ಕಾಗಿದೆ. ಆದರೆ ಆ ರಾತ್ರಿ ಆ ಮಾತನ್ನು ಕೇಳಿಸಿಕೊಂಡದ್ದು ನನ್ನದೇ ಕಿವಿ. ದೆವ್ವ, ಭೂತ ಎಂದರೆ ನಂಬುವವಳಲ್ಲ ನಾನು. ಕೈಯಲ್ಲಿ ಹಿಡಿದು ಬಿಚ್ಚಿ ನೋಡಲಾಗದ ಯಾವುದನ್ನೂ ನಂಬುವುದಿಲ್ಲ.

ನಾನು ಮಕ್ತಲ್‌ನವಳು, ನಾರಾಯಣಪೇಟೆಯಲ್ಲಿ ಪಾಠ ಹೇಳುತ್ತೇನೆ. ಫೋನು, ಇಂಟರ್ನೆಟ್ಟಿಗೆ ಜೋಡಿಸಿದ ಯಂತ್ರಗಳ ಸುರಕ್ಷತೆ ನನ್ನ ಸಂಶೋಧನೆಯ ವಿಷಯ. ಯಂತ್ರಕ್ಕೊಂದು ಹುಕುಂ ಬಂದರೆ ಅದನ್ನು ಕಳಿಸಿದ್ದು ಯಾರು? ಇಷ್ಟೇ ಪ್ರಶ್ನೆ. ಇದಕ್ಕೆ ಉತ್ತರ ಹುಡುಕುತ್ತಾ ನನ್ನ ತಲೆಕೂದಲು ಉದುರಿದೆ, ಕೇಳುವವರು ಮಾತ್ರ ಒಬ್ಬರೂ ಇಲ್ಲ.

ಮಲ್ದಕಲ್ ಹತ್ತಿರ ನನ್ನ ಸೋದರಮಾವ ಚನಬಸಪ್ಪನ ಶೇಂಗಾ ಹೊಲವಿದೆ. ಪಕ್ಕದ ಹೊಲ ಶರಣಪ್ಪನದು. ಇಬ್ಬರಿಗೂ ಒಂದೇ ಬಾವಿ, ಒಂದೇ ಮೋಟಾರು, ಪಾಳಿ ಮಾತ್ರ ಬೇರೆ. ನಮ್ಮ ಕಡೆ ತೆಲಂಗಾಣ ರಾಜ್ಯ ಆದ ಮೇಲೆ ಹೊಲಕ್ಕೆ ಹಗಲೂ ರಾತ್ರಿ ಕರೆಂಟು ಸಿಗತೊಡಗಿತು. ಆಮೇಲೆ ಮಾವ ಮೊಬೈಲ್ ಸ್ಟಾರ್ಟರ್ ಡಬ್ಬಿ ಹಾಕಿಸಿದ. ಮನೆಯಲ್ಲಿ ಕೂತು ಫೋನು ಒತ್ತಿದರೆ ಸಾಕು, ಹೊಲದಲ್ಲಿ ಮೋಟಾರು ಸುರುವಾಗುತ್ತದೆ.

ಆ ಊರಿನಲ್ಲಿ ಇರುವ ಎಲ್ಲ ಡಬ್ಬಿಗಳಿಗೂ ಪಿನ್ ಒಂದೇ, ಕಂಪನಿಯಿಂದ ಬಂದದ್ದು. ಅದು ಗೊತ್ತಿದ್ದವರು ಯಾರ ಮೋಟಾರನ್ನಾದರೂ ಸುರು ಮಾಡಬಹುದು. ಬದಲಿಸಿ ಎಂದು ಗಂಟಲು ಹರಿದುಕೊಂಡೆ.

"ಬದಲಿ ಮಾಡಿದ್ರ ನನ್ನ ಫೋನು ಬಂದ್ ಬಿದ್ದಾಗ ನನ್ನ ಹೊಲಕ್ಕ ನೀರು ಬಿಡೋರು ಯಾರವ್ವ?" ಎಂದ ಮಾವ. "ಒಬ್ಬರಿಗೊಬ್ಬರು ಆಗಬೇಕಲ್ಲ."

"ಕಳ್ಳನೂ ಒತ್ತಬಹುದಲ್ಲ ಮಾಮಾ!"

"ಕಳ್ಳ ಬಂದು ನನ್ನ ಹೊಲಕ್ಕ ನೀರು ಬಿಟ್ಟು ಹೋಗ್ತಾನೇನು? ಬಿಡಲಿ ಬಿಡು!"



ಇನ್ನೊಂದು ಪದ್ಧತಿಯನ್ನು ಇಲ್ಲೇ ಹೇಳಬೇಕು. ಮೋಟಾರು ಕೂತಿರುವುದು ಬಾವಿಯೊಳಗಿನ ಕಟ್ಟೆಯ ಮೇಲೆ. ಹಳೆಯದು, ಓಡುವಾಗ ಮುಟ್ಟಿದರೆ ಶಾಕ್ ಹೊಡೆಯುತ್ತದೆ. ಅದಕ್ಕೇ ಮೊದಲೆಲ್ಲ ಬಾವಿಗಿಳಿಯುವವರು ಫ್ಯೂಸ್ ಕಿತ್ತು ಉಡಿಯಲ್ಲಿ ಕಟ್ಟಿಕೊಂಡು ಇಳಿಯುತ್ತಿದ್ದರು. ಡಬ್ಬಿ ಬಂದ ಮೇಲೆ ಅದು ತಪ್ಪಿತು. ಈಗ ಪಿನ್ ಹಾಕಿ ಒಂದು ಮೆಸೇಜ್ ಕಳಿಸಿದರೆ ಡಬ್ಬಿ ಲಾಕ್ ಆಗುತ್ತದೆ, ಯಾರು ಫೋನ್ ಮಾಡಿದರೂ ಮೋಟಾರು ಏಳುವುದಿಲ್ಲ.

ಆ ಸಂಜೆ ಅದೂ ಇದೂ ಹೇಳಿ ಮಾವನನ್ನು ಒಪ್ಪಿಸಿ ಪಿನ್ ಬದಲಿಸಿದೆ. "ಶರಣಪ್ಪ ಮಾವಗ ಈಗಲೇ ಹೇಳು, ಬ್ಯಾರೆ ಯಾರಿಗೂ ಹೇಳಬ್ಯಾಡ" ಎಂದೆ. ಮಾವ ತಲೆಯಾಡಿಸಿದ. ಸಂಶೋಧನೆಗೆಂದು ಡಬ್ಬಿಯಲ್ಲಿ ನನ್ನ ನಂಬರನ್ನೂ ಸೇರಿಸಿದ್ದೆ. ಕರೆಂಟು ಬಂದರೆ, ಹೋದರೆ, ಮೋಟಾರು ಸುರುವಾದರೆ, ನಿಂತರೆ, ನೀರಿಲ್ಲದಿದ್ದರೆ, ಲಾಕ್ ಆದರೆ ಡಬ್ಬಿಯೇ ಫೋನ್ ಮಾಡಿ ತೆಲುಗಿನಲ್ಲಿ ಹೇಳುತ್ತದೆ. ಹೆಣ್ಣು ದನಿ, ಒಟ್ಟು ಆರು ಮಾತು. ಆ ರೆಕಾರ್ಡುಗಳನ್ನೆಲ್ಲ ಡಬ್ಬಿಯೊಳಗಿನಿಂದ ಹೊರತೆಗೆದು ಬೇಸರ ಬರುವಷ್ಟು ಸಲ ಕೇಳಿದ್ದೇನೆ.

ಕತ್ತಲಾಗಿತ್ತು. ಉಂಡು ಅಂಗಳದಲ್ಲಿ ಕೂತಿದ್ದೆವು. ಅತ್ತೆ ಶೇಂಗಾ ಹುರಿದಿದ್ದಳು, ಸುಟ್ಟ ಸಿಪ್ಪೆಯ ವಾಸನೆ ಇನ್ನೂ ಇತ್ತು. "ನನ್ನ ಪಾಳಿ ಐತಿ, ನೀರು ಬಿಡ್ತೀನಿ" ಎಂದು ಮಾವ ಫೋನ್ ಕೈಗೆತ್ತಿಕೊಂಡ.

ಅಷ್ಟರಲ್ಲಿ ನನ್ನ ಫೋನ್ ಬಡಿದುಕೊಂಡಿತು. ಡಬ್ಬಿಯ ನಂಬರು.

ಕಿವಿಗಿಟ್ಟೆ. ಮೊದಲು ಏನೂ ಇಲ್ಲ... ನೀರು ತೊಟ್ಟಿಕ್ಕುವ ಸದ್ದು... ಟಪ್... ಟಪ್... ಆಮೇಲೆ ಅದೇ ಹೆಣ್ಣು ದನಿ, ಅದೇ ನಿಧಾನ.

"ಬಾವಿಲೋ ಮನಿಷಿ ಉನ್ನಾಡು."

ಬಾವಿಯಲ್ಲಿ ಮನುಷ್ಯ ಇದ್ದಾನೆ.

"ಒತ್ತಬ್ಯಾಡ ಮಾಮಾ!" ಎಂದು ಚೀರಿ ಅವನ ಫೋನ್ ಕಸಿದುಕೊಂಡೆ. ಇಬ್ಬರೂ ಹೊಲದ ಬದುವಿನ ಮೇಲೆ ಓಡಿದೆವು. ಬಾವಿಯ ಹತ್ತಿರ ಪಾಚಿಯ ವಾಸನೆ, ಕೆಳಗಿನಿಂದ ಬ್ಯಾಟರಿಯ ಮಂದ ಬೆಳಕು...

ಬಗ್ಗಿ ನೋಡಿದೆ. ಶರಣಪ್ಪ ಸೊಂಟಮಟ್ಟ ನೀರಿನಲ್ಲಿ ನಿಂತಿದ್ದ. ಒಂದು ಕೈ ಮೋಟಾರಿನ ಮೇಲೆ, ಇನ್ನೊಂದು ಕೈಯಿಂದ ಪೈಪಿನ ಬಾಯಿಗೆ ಸಿಕ್ಕಿದ ಪಾಚಿ ಕೀಳುತ್ತಿದ್ದ.

"ಯಾಕ್ರೀ ಚನಬಸಣ್ಣ, ಹಿಂಗ ಓಡಿ ಬಂದೀರಿ?"

"ಲಾಕ್ ಹಾಕೀಯೇನಲೇ?" ಮಾವ ಮೇಲಿಂದಲೇ ಕೂಗಿದ.

"ಹಾಕೀನಲ್ರೀ. ಟಿಂಗ್ ಅಂತ ತಿರುಗಿ ಮೆಸೇಜೂ ಬಂತು."

ಮೇಲೆ ಬಂದ ಮೇಲೆ ಆ ಮೆಸೇಜ್ ನೋಡಿದೆ. ಇಂಗ್ಲಿಷಿನಲ್ಲಿತ್ತು. ಪಿನ್ ತಪ್ಪಾಗಿದೆ, ಲಾಕ್ ಆಗಿಲ್ಲ ಎಂದು.

"ಮಾಮಾ, ಇವರಿಗೆ ಹೊಸ ಪಿನ್ ಹೇಳಲಿಲ್ಲೇನು?"

"ಯಾರಿಗೂ ಹೇಳಬ್ಯಾಡ ಅಂದಿದ್ದೆಲ್ಲವ್ವ..." ಎನ್ನುತ್ತಾ ಮಾವ ಬಾವಿಯ ಕಟ್ಟೆ ಹಿಡಿದು ಕುಸಿದು ಕೂತ. "ನಾ ಒತ್ತಿದ್ರ... ಒತ್ತೇಬಿಟ್ಟಿದ್ರ..." ಎಂದು ಚಿಕ್ಕ ಮಕ್ಕಳ ಹಾಗೆ ಅತ್ತ. ನನಗೆ ಅಳು ಬರಲಿಲ್ಲ, ಸಿಟ್ಟು ಬಂತು. ಜನ್ಮದಲ್ಲಿ ಒಮ್ಮೆ ಒಬ್ಬರು ನನ್ನ ಮಾತು ಕೇಳಿದರು, ಅದನ್ನೂ ಅರ್ಧ ಕೇಳಿದರು.

ಮರುದಿನವೇ ಡಬ್ಬಿ ಬಿಚ್ಚಿದೆ. ಆರೇ ಮಾತು. ಏಳನೆಯದಿಲ್ಲ. ಬಾವಿಯಲ್ಲಿ ಯಾರಿದ್ದಾರೆಂದು ತಿಳಿಯಲು ಅದಕ್ಕೆ ಕಣ್ಣಿಲ್ಲ, ಕಿವಿಯಿಲ್ಲ. ನನ್ನ ಫೋನಿನಲ್ಲಿ ಕರೆ ಬಂದ ಗುರುತಿದೆ, ಡಬ್ಬಿಯಲ್ಲಿ ಕರೆ ಮಾಡಿದ ಗುರುತಿಲ್ಲ. ಯಾರೋ ಆ ನಂಬರಿನ ಸೋಗು ಹಾಕಿ ಮಾಡಿರಬೇಕು ಎಂದುಕೊಂಡೆ. ಆದರೆ ಯಾರು? ಶರಣಪ್ಪ ಬಾವಿಗೆ ಇಳಿದದ್ದು ಅವನ ಹೆಂಡತಿಗೂ ಗೊತ್ತಿರಲಿಲ್ಲ. ಕಂಪನಿಗೆ ಫೋನ್ ಮಾಡಿದರೆ "ಒಮ್ಮೆ ಆಫ್ ಮಾಡಿ ಆನ್ ಮಾಡಿ ನೋಡಿ ಮೇಡಂ" ಎಂದರು. ಗೈಡಂತೂ "ಪ್ರಬಂಧದಲ್ಲಿ ಇದೊಂದನ್ನು ಸೇರಿಸಬೇಡಮ್ಮಾ" ಎಂದು ಕೈಮುಗಿದರು.

ಇಲ್ಲಿಗೆ ಮುಗಿದಿದ್ದರೆ ಒಳ್ಳೆಯದೇ ಆಯಿತೆಂದು ಸುಮ್ಮನಿರುತ್ತಿದ್ದೆ.

ಹೋದ ವಾರ ನಾರಾಯಣಪೇಟೆಯಲ್ಲಿದ್ದಾಗ ಒಂದು ಸಂಜೆ ಮತ್ತೆ ಬಂತು. ಟಪ್... ಟಪ್... "ಬಾವಿಲೋ ಮನಿಷಿ ಉನ್ನಾಡು." ಕೂಡಲೇ ಮಾವನಿಗೆ ಫೋನ್ ಮಾಡಿದೆ. ಶರಣಪ್ಪ ಅವನ ಪಕ್ಕದಲ್ಲೇ ಕೂತು ಚಹಾ ಕುಡಿಯುತ್ತಿದ್ದ. ಇಬ್ಬರೂ ಹೋಗಿ ಬ್ಯಾಟರಿ ಬೆಳಕು ಬಿಟ್ಟು ನೋಡಿದರು, ಊರಿನವರನ್ನು ಕರೆದು ಕೊಕ್ಕೆಗಳ ಪಾತಾಳಗರಡಿ ಹಾಕಿಸಿ ಜಾಲಾಡಿದರು. ಯಾರೂ ಇಲ್ಲ. ಊರಲ್ಲಿ ಕಾಣೆಯಾದವರೂ ಇಲ್ಲ.

ಆದರೂ ಅಂದಿನಿಂದ ಆ ಮೋಟಾರನ್ನು ಯಾರೂ ಸುರು ಮಾಡಿಲ್ಲ. ಮೊದಲ ಸಲ ನಿಜ ಹೇಳಿದ ದನಿ ಈ ಸಲ ಸುಳ್ಳು ಹೇಳುತ್ತಿದೆಯೆಂದು ಯಾವ ಧೈರ್ಯದ ಮೇಲೆ ಒತ್ತುವುದು? ಶೇಂಗಾ ಕಾಯಿ ಕಟ್ಟುವ ಹೊತ್ತು, ಎಲೆ ಮುದುಡುತ್ತಿದೆ. ಹುಕುಂ ಕಳಿಸಿದ್ದು ಯಾರೆಂದು ಹೇಳುವುದೇ ನನ್ನ ವಿದ್ಯೆ. ಅದೊಂದನ್ನು ಬಿಟ್ಟು ಉಳಿದದ್ದೆಲ್ಲ ಹೇಳಬಲ್ಲೆ!

ಈಗ ದಿನಾ ಸಂಜೆ ಮಾವ ಫೋನ್ ಮಾಡುತ್ತಾನೆ. ಅತ್ತ ಬಾವಿಯ ಹತ್ತಿರವೇ ನಿಂತಿರುತ್ತಾನೆ, ಗಾಳಿಯ ಸದ್ದು ಕೇಳಿಸುತ್ತದೆ.

"ಬೆಳಿ ಒಣಗಾಕ ಹತ್ತೇತಿ ಗಿರಿಜವ್ವ... ಒತ್ತಲೇನು?"