ಅಟ್ಟ ಸೇರಿದ ಮೂರು ಫ್ಲಾಪಿ

ನಮ್ಮ ಮಾವನವರಿಗೆ ಮರೆವು ಶುರುವಾದದ್ದು ಮೊದಲು ನನ್ನ ಗಮನಕ್ಕೆ ಬಂದದ್ದು ತೋಟದಲ್ಲಿ. ಮನೆ ಹಿಂದಿನ ಹಳೇ ತೆಂಗಿನ ತೋಟದ ಒಂದೊಂದು ಮರವನ್ನೂ ಯಾರು ನೆಟ್ಟರು, ಸಸಿ ಎಲ್ಲಿಂದ ಬಂತು, ಯಾವುದು ಸಿಡಿಲು ತಾಗಿಯೂ ಉಳಿಯಿತು ಎಂದು ಹೇಳಬಲ್ಲವರು ಅವರೊಬ್ಬರೇ. ಅಂಥವರು ಒಂದು ಬೆಳಿಗ್ಗೆ ಮರವೊಂದರ ಬುಡದಲ್ಲಿ ನಿಂತು, ಟವೆಲ್ಲಿನಿಂದ ಮುಖ ಒರೆಸಿಕೊಂಡು, "ಇದು... ಇರವ್ವ, ಬತ್ತದೆ" ಎಂದರು. ಬರಲಿಲ್ಲ.

ಆಗ ಮನೆಗೆ ಕಂಪ್ಯೂಟರ್ ಬಂದು ವರ್ಷವಾಗಿತ್ತು. ಕೊಂಡವರು ನನ್ನ ಯಜಮಾನರು, ಬಳಸುತ್ತಿದ್ದವಳು ನಾನು. ಕಾನ್ವೆಂಟಿನಲ್ಲಿ ಸಿಸ್ಟರ್ ನಮ್ಮ ಕೈ ಮೇಲೆ ಕರ್ಚೀಫ್ ಹಾಸಿ, ಕೀಗಳನ್ನು ನೋಡಗೊಡದೆ ಟೈಪಿಂಗ್ ಕಲಿಸಿದ್ದರು. ಆ ವಿದ್ಯೆ ಅಲ್ಲಿಯವರೆಗೆ ನಾನು ಪಾಠ ಮಾಡುವ ಸ್ಕೂಲಿನ ಕ್ವೆಶ್ಚನ್ ಪೇಪರುಗಳಿಗಷ್ಟೇ ಖರ್ಚಾಗುತ್ತಿತ್ತು. ಮರುದಿನದಿಂದ ಸಂಜೆ ಸಂಜೆ ಮಾವನನ್ನು ಪಕ್ಕದಲ್ಲಿ ಕೂರಿಸಿಕೊಂಡೆ. ಅವರು ಹೇಳುವುದು, ನಾನು ಇಂಗ್ಲಿಷಿನಲ್ಲಿ ಟೈಪ್ ಮಾಡುವುದು. ಕನ್ನಡ ಟೈಪಿಂಗ್ ನನಗೆ ಬರುತ್ತಿರಲಿಲ್ಲ, ಐ ಕನ್ಫೆಸ್.

"ನಾನು ಹೇಳಿದ್ದು ಇಂಗ್ಲಿಷ್ ಆಗ್ಬುಟ್ರೆ ನನ್ ಮರ ನಂಗೇ ಗುರ್ತು ಸಿಗಾಕಿಲ್ವಲ್ಲವ್ವ" ಎಂದರು ಮಾವ.

ಒಳಗಿನಿಂದ ಅತ್ತೆಯ ದನಿ: "ಈಗ್ಲೇನ್ ಭಾರೀ ಗುರ್ತು ಸಿಗ್ತಾ ಐತೆ, ಬುಡಿ."

ಮೂರು ತಿಂಗಳಲ್ಲಿ ತೋಟ ಮುಗಿಯಿತು. ಕರೆಂಟನ್ನು ನಂಬುವಂತಿರಲಿಲ್ಲ. ಪಂಪ್‌ಸೆಟ್ ಶುರುವಾದರೆ ಸ್ಕ್ರೀನ್ ಕುಗ್ಗುತ್ತಿತ್ತು, ನಿಂತರೆ ಹಿಗ್ಗುತ್ತಿತ್ತು. ಹಾಗಾಗಿ ತಿಪಟೂರಿನಿಂದ ಫ್ಲಾಪಿಗಳನ್ನು ತರಿಸಿ ಒಂದೇ ಫೈಲನ್ನು ಮೂರಕ್ಕೂ ಕಾಪಿ ಮಾಡಿದೆ. ಬ್ಯಾಕಪ್ ಎಂದರೇನು ಎಂದು ಮಾವನಿಗೆ ವಿವರಿಸಬೇಕಾಗಲೇ ಇಲ್ಲ. "ಒಂದು ಗುಂಡಿಗೆ ಮೂರು ಸಸಿ ಮಾಡ್ಕೊಂಡಂಗೆ, ಅಲ್ವಾ?" ಎಂದರು. ನನ್ನ ವಿದ್ಯಾರ್ಥಿಗಳಲ್ಲಿ ಒಬ್ಬರೂ ಅಷ್ಟು ಬೇಗ ಹಿಡಿದವರಲ್ಲ. ಸಂತೋಷದಲ್ಲಿ ಫ್ಲಾಪಿಗಳ ಡಬ್ಬಿಯನ್ನು ಅವರ ಕೈಗೇ ಕೊಟ್ಟು, ಭದ್ರವಾಗಿ ಇಡಿ ಎಂದು ಹೇಳಿ ಸ್ಕೂಲಿಗೆ ಹೋದೆ.

ನಮ್ಮ ಕಡೆ ಭದ್ರ ಎಂದರೆ ಅಟ್ಟ. ಕೊಬ್ಬರಿಯಾಗಬೇಕಾದ ಕಾಯಿ ಹನ್ನೊಂದು ತಿಂಗಳು ಅಲ್ಲೇ ಮಲಗಬೇಕು. ನಡುವೆ ಯಾರೂ ಮುಟ್ಟಬಾರದು, ಅಲುಗಿಸಿದರೆ ಒಳಗೇ ಕೆಡುತ್ತದೆ ಎಂಬುದು ಮಾವನ ಕಟ್ಟಪ್ಪಣೆ. ಅಂದೇ ಅಟ್ಟ ತುಂಬಿಸುತ್ತಿದ್ದರು. ಸಂಜೆ ನಾನು ಬರುವಷ್ಟರಲ್ಲಿ ನನ್ನ ಫ್ಲಾಪಿಗಳು ಅಟ್ಟದ ಮೂಲೆಯಲ್ಲಿದ್ದವು, ಅವುಗಳ ಮೇಲೆ ಸಾವಿರಾರು ಕಾಯಿ.

"ಮಾವ, ಹೆಂಚಿನ ಕಾವಿಗೆ ಫ್ಲಾಪಿ ಹಾಳಾಗುತ್ತೆ!"

"ಕಾಯಿ ಕೆಡಾಕಿಲ್ಲ, ನಿನ್ ಬಿಲ್ಲೆ ಕೆಟ್ಟೋಯ್ತದಾ? ಸುಮ್ಕಿರವ್ವ."

ಫೈಲು ಕಂಪ್ಯೂಟರಿನಲ್ಲಿ ಇದ್ದೇ ಇದೆಯಲ್ಲ, ಲೆಟ್ ಹಿಮ್ ಬಿ ಹ್ಯಾಪಿ ಎಂದುಕೊಂಡೆ. ಇನ್ನೊಂದು ಫ್ಲಾಪಿ ತರಿಸಲು ನನಗೇನಾಗಿತ್ತು?

ಬೇಸಿಗೆಯ ಮೊದಲ ಗುಡುಗುಮಳೆಯಲ್ಲಿ ಕಂಪ್ಯೂಟರಿನ ಪ್ಲಗ್ ಕೀಳುವುದನ್ನು ಮರೆತೆ. ಅಂಗಡಿಯವರು ಕಂಪ್ಯೂಟರ್ ಬಿಚ್ಚಿ ನೋಡಿ, "ಹಾರ್ಡ್ ಡಿಸ್ಕೇ ಹೋಗಿದೆ ಮೇಡಂ" ಎಂದರು. ಕಾಯಿ ಇಳಿಸಲು ಇನ್ನೂ ಐದು ತಿಂಗಳಿತ್ತು. ಮಾವ ಅಷ್ಟರಲ್ಲಿ ಬಚ್ಚಲಮನೆಯ ದಾರಿಯನ್ನೂ ಒಮ್ಮೊಮ್ಮೆ ಕೇಳುವ ಹಂತಕ್ಕೆ ಬಂದಿದ್ದರು. ಫ್ಲಾಪಿ ಸಿಗದಿದ್ದರೆ ತೋಟದ ಕಥೆ ಮತ್ತೆ ಹೇಳುವವರು ಯಾರೂ ಇರಲಿಲ್ಲ. ಆದರೆ ಅಟ್ಟ ಮುಟ್ಟೋಣ ಎಂದು ಬಾಯಿಬಿಡಲು ನನಗೆ ಧೈರ್ಯ ಬರಲಿಲ್ಲ. ಮೂರು ದಿನ ನನ್ನ ಮುಖ ನೋಡಿದ ಮಾವನೇ ಊಟದ ನಡುವೆ ಹೇಳಿದರು: "ಆಳು ಕರ್ಸು. ಕಾಯಿ ಇಳುಸ್ಲಿ."

ಅತ್ತೆಯ ಕೈಯ ಸೌಟು ಗಾಳಿಯಲ್ಲೇ ನಿಂತಿತು. "ನನ್ ತಮ್ಮನ್ ಮದ್ವೆಗೆ ನಾಕು ಕಾಯಿ ಕೇಳಿದ್ರೆ ಅಟ್ಟ ಅಲುಗಾಡ್ಸಬ್ಯಾಡ ಅಂದೋರು! ಸೊಸೆ ಬಿಲ್ಲೆಗೆ ಅಟ್ಟಾನೇ ಇಳುಸ್ತಾವ್ರೆ."

ಎರಡು ಫ್ಲಾಪಿ ಹಪ್ಪಳದಂತೆ ಸೊಟ್ಟಗಾಗಿದ್ದವು. ಮೂರನೆಯದನ್ನು ಯಜಮಾನರ ಆಫೀಸಿನ ಕಂಪ್ಯೂಟರಿಗೆ ಹಾಕಿದಾಗ ಅದು ಕರಕರ ಎಂದು ಒದ್ದಾಡಿ ಅರ್ಧ ತೋಟವನ್ನಷ್ಟೇ ಕೊಟ್ಟಿತು. ಬಾವಿಯ ಸಾಲಿನಿಂದಾಚೆಗೆ ಬರೀ ಚೌಕ, ಚುಕ್ಕೆ, ಪ್ರಶ್ನಾರ್ಥಕ ಚಿಹ್ನೆ.

ಆ ಭಾನುವಾರ ನೋಟ್‌ಬುಕ್ ಹಿಡಿದು ಮಾವ, ಅತ್ತೆ ಇಬ್ಬರನ್ನೂ ಬಾವಿಯ ಸಾಲಿಗೆ ಕರೆದುಕೊಂಡು ಹೋದೆ. ಮಾವ ಒಂದೊಂದು ಮರವನ್ನೂ ತಟ್ಟುತ್ತಿದ್ದರು, ದನದ ಬೆನ್ನು ತಟ್ಟಿದಂತೆ. ಕೆಲವು ನೆನಪಾದವು. ಕೆಲವಕ್ಕೆ ಅತ್ತೆ ನೆರವಾದರು, ನೆರವಿನ ಜೊತೆ ಜಗಳವನ್ನೂ ಆಡಿದರು. ಬಾವಿಗೆ ಅಂಟಿಕೊಂಡಂತಿದ್ದ ಮರದ ಹತ್ತಿರ ಮಾವ ನಿಂತುಬಿಟ್ಟರು.

"ಇದು ಯಾರು ನೆಟ್ಟಿದ್ದು ಕಣವ್ವ?"

"ನೊಣವಿನಕೆರೆ ಸಸಿ. ಇವ್ರೇ ತಂದಿದ್ದು, ಅಷ್ಟೂ ಗ್ಯಾನ ಇಲ್ಲ" ಎಂದರು ಅತ್ತೆ.

ಅದಲ್ಲ ಎಂದು ನನಗೆ ಗೊತ್ತಿತ್ತು. ಟೈಪ್ ಮಾಡಿಸುವಾಗ ಮಾವ ದನಿ ತಗ್ಗಿಸಿ ಹೇಳಿ, "ನಿಮ್ಮತ್ತೆಗೆ ಹೇಳ್ಬ್ಯಾಡ" ಎಂದಿದ್ದರು. ಅವರೇ ಮರೆತ ಮೇಲೆ ಆ ಮಾತನ್ನು ಯಾರಿಗಾಗಿ ಕಾಯಲಿ? ಹೇಳಿಬಿಟ್ಟೆ. ಮದುವೆಯಾದ ವರ್ಷ ಅತ್ತೆಯ ದಬ್ಬೇಘಟ್ಟದ ತವರಿನಿಂದ ಗಾಡಿಯಲ್ಲಿ ಬಂದ, ಸಿಪ್ಪೆ ಸುಲಿಯದ ಕಾಯಿಗಳಲ್ಲಿ ಒಂದನ್ನು ಮಾವ ಎತ್ತಿಟ್ಟು ಮೊಳೆಸಿದ್ದರಂತೆ. ಬೇರೆ ಊರಿನ ಹೆಣ್ಣಿನ ಮನೆಯ ತಳಿ ಎಂದರೆ ಅವರಪ್ಪ ನೆಡಗೊಡುತ್ತಿರಲಿಲ್ಲ. ಹಾಗಾಗಿ ನೊಣವಿನಕೆರೆಯದು ಎಂದು ಸುಳ್ಳು. ಹೊಸ ಹೆಂಡತಿ ದಿನಾ ನೀರು ಸೇದುತ್ತಾ ಬಾವಿಯ ಬಳಿ ಕಣ್ಣೀರು ಒರೆಸಿಕೊಳ್ಳುತ್ತಿದ್ದಳಂತೆ. ಅವಳ ಊರಿನದೊಂದು ಪಕ್ಕದಲ್ಲಿರಲಿ ಎಂದು ಅಲ್ಲೇ ನೆಟ್ಟದ್ದು.

ಅತ್ತೆ ಮರವನ್ನು ಬುಡದಿಂದ ಸುಳಿಯವರೆಗೆ ನೋಡಿದರು. "ಇಷ್ಟ್ ವರ್ಸ ಇದರ ಕಾಯಿ ನೀರಿಲ್ಲ, ರುಚಿ ಇಲ್ಲ ಅಂತ ಬೈಕೊಂಡು ತಿಂದ್ನಲ್ಲಪ್ಪ ನಾನು" ಎಂದು ಸೆರಗನ್ನು ಬಾಯಿಗೆ ಹಿಡಿದರು. ನಗುತ್ತಿದ್ದರೋ ಏನೋ, ಕಾಣಲಿಲ್ಲ.

ಮಾವನಿಗೆ ಏನೂ ನೆನಪಾಗಲಿಲ್ಲ. ಬೇರೆ ಯಾರದೋ ಕಥೆ ಕೇಳಿದವರ ಹಾಗೆ ತಲೆದೂಗಿದರು.

"ಪಾಪ, ಒಳ್ಳೇವ್ನು ಕಣವ್ವ ಆ ಹುಡುಗ" ಎಂದರು.

ಅತ್ತೆ ಅವರ ಟವೆಲ್ ಸರಿಮಾಡಿ ಹೆಗಲಿಗೆ ಹಾಕಿದರು. "ಹೂಂ, ಒಳ್ಳೇವ್ನೇ. ಬರ್ಕೊಳೇ ಅದನ್ನ, ಏನ್ ನೋಡ್ತಾ ನಿಂತಿದೀಯ" ಎಂದು ನನ್ನನ್ನು ಗದರಿದರು.